ಗಿರಣಿ ಬಿಟ್ಟು ಬಂದ ಮೇಲೆ
(ಬೆಳ್ಳಿಹಬ್ಬದ ಸಭೆಯಲ್ಲಿ ಮಾಡಿದ ಭಾಷಣ)



ನಾವು ಭಾಷಣಕಾರರಲ್ಲ. ದಾವಣಗೆರೆಯ ಹತ್ತಿ ಗಿರಣಿಯಲ್ಲಿ ಹರಿದ ನೂಲಿಗೆ ಗಂಟು ಹಾಕಿದವರು. ಹೊನ್ನಾಳಿ ಕಡೆಯ ನಾವು (ನ್ಯಾಮತಿ ಆಗ ಹೊನ್ನಾಳಿ ತಾಲ್ಲೂಕಿನದೇ), ಚನ್ನಗಿರಿಯವರು, ಮಳೆ ನಂಬಿ ಸೋತ ಜಗಳೂರಿನವರು ಒಂದೇ ಕೋಣೆಯಲ್ಲಿ ಅಡಿಗೆ ಮಾಡಿಕೊಂಡಿದ್ದೆವು. ಪಾಳಿ ಮುಗಿದರೆ ಹುಬ್ಬಿನ ತುಂಬ ಹತ್ತಿಯ ಧೂಳು. ಯಂತ್ರದ ಸದ್ದಿನಲ್ಲಿ ಕೂಗಿ ಕೂಗಿ ಊರಿಗೆ ಬಂದರೂ ಜೋರು ಮಾತೇ. "ಯಾರ ಮೇಲೆ ಸಿಟ್ಟು?" ಅಂತ ಮನೆಯವರು ಕೇಳೋರು.

ಆಮೇಲೆ ಗಿರಣಿಗಳು ಒಂದೊಂದಾಗಿ ನಿಂತವು. 1997ರ ಆಗಸ್ಟ್ 15ಕ್ಕೆ ದಾವಣಗೆರೆ ಜಿಲ್ಲೆಯಾಯಿತು. ಶಿವಮೊಗ್ಗದಲ್ಲಿದ್ದ ಹೊನ್ನಾಳಿ, ಚನ್ನಗಿರಿ, ಚಿತ್ರದುರ್ಗದಲ್ಲಿದ್ದ ಜಗಳೂರು ಅದಕ್ಕೆ ಸೇರಿದವು. ಅಷ್ಟೊತ್ತಿಗೆ ನಮ್ಮ ಗಿರಣಿಯ ಕೂಗು ನಿಂತಿತ್ತು, ನಾವು ಟ್ರಂಕು ಹೊತ್ತು ಊರಿಗೆ ಬಂದಿದ್ದೆವು.

ಹೊಸದರಲ್ಲಿ ನಸುಕಿಗೇ ಎಚ್ಚರ. ಎದ್ದು ಹೋಗೋದೆಲ್ಲಿಗೆ? ಅಂಗಿ ಹಾಕಿಕೊಂಡು ಕಟ್ಟೆ ಮೇಲೆ ಕೂರುತ್ತಿದ್ದೆವು. ಬಾಕಿ ಹಣದ ಮಾತು ಬೇಡ ಬಿಡಿ. ಅದಕ್ಕಿಂತ ನಾಚಿಕೆಯೇ ದೊಡ್ಡದಿತ್ತು. ಹೊಲದ ಕೆಲಸ ಕೈಗೆ ಮರೆತಿತ್ತು, ತಮ್ಮ ದುಡಿದದ್ದನ್ನು ಕೂತು ಉಣ್ಣಬೇಕಾಗಿತ್ತು.

ಮುಂದೆ ಈ ಹಾಲಿನ ಸಂಘ ಶುರುವಾಯಿತು. ಒಂದು ಎಮ್ಮೆ ಕಟ್ಟಿದೆವು. ಮೊದಲ ದಿನ ಕ್ಯಾನು ಹಿಡಿದು ಸಾಲಿನಲ್ಲಿ ನಿಂತಾಗ ಕಾರ್ಯದರ್ಶಿಗಳು ಹೆಸರು ಕೇಳಿದರು. ಬಾಯಿಗೆ ಬಂದದ್ದು ಗಿರಣಿಯ ಟೋಕನ್ ನಂಬರು! ಎಲ್ಲರೂ ನಕ್ಕರು, ನಾವೂ ನಕ್ಕೆವು. ಅವರು ಪೆನ್ನು ಹಿಡಿದು ಕಾಯುತ್ತಲೇ ಇದ್ದರು. ಆಮೇಲೆ ಹೆಸರು ಹೇಳಿದೆವು.

ಆ ಟೋಕನ್ ಇನ್ನೂ ಟ್ರಂಕಿನಲ್ಲಿದೆ. ಹಾಲಿನ ಪಾಸ್‌ಪುಸ್ತಕವನ್ನೂ ಅದರಲ್ಲೇ ಇಡುತ್ತೇವೆ.