ಊರು ಬೆಳೆಯುವದು ಯಾವದರಿಂದ?

(ಉಪನ್ಯಾಸ)



ಹುನಗುಂದವು ಬಹುಕಾಲದಿಂದಲೂ ತಾಲೂಕಿನ ಊರು. ಕಚೇರಿ ಅಲ್ಲಿ, ನ್ಯಾಯಾಲಯ ಅಲ್ಲಿ, ಖಜಾನೆ ಅಲ್ಲಿ. ಅದರಿಂದ ಹತ್ತು ಮೈಲಿನೊಳಗೇ ಇರುವ ಇಳಕಲ್ಲಿಗೆ, 2017ರಲ್ಲಿ ಸರಕಾರವು ಹೊಸ ತಾಲೂಕುಗಳನ್ನು ಸಾರುವವರೆಗೆ, ಈ ಯಾವ ಮರ್ಯಾದೆಯೂ ಇರಲಿಲ್ಲ. ಹೀಗಿದ್ದೂ 2011ರ ಖಾನೇಸುಮಾರಿಯಲ್ಲಿ ಇಳಕಲ್ಲಿನ ಜನಸಂಖ್ಯೆಯು 60 ಸಾವಿರವನ್ನು ದಾಟಿತ್ತು. ಹುನಗುಂದದ್ದು ಅದರ ಮೂರನೆಯ ಒಂದು ಪಾಲಿನಷ್ಟು. ಅರಸನ ಮುದ್ರೆಯಿಲ್ಲದ ಊರು ಮುದ್ರೆಯುಳ್ಳ ಊರನ್ನು ಹೀಗೆ ಹಿಂದೆ ಹಾಕಿದ್ದು ಯಾವ ಬಲದಿಂದ? ಈ ಪ್ರಶ್ನೆಯನ್ನು ನಮ್ಮ ಮಕ್ಕಳಿಗೆ ಭೂಗೋಲದ ತಾಸಿನಲ್ಲಿ ಕೇಳುವವರು ವಿರಳ. ಲಂಡನ್ನಿನ ಜನಸಂಖ್ಯೆಯನ್ನು ಬಾಯಿಪಾಠ ಒಪ್ಪಿಸುವ ಹುಡುಗನಿಗೆ ತನ್ನೂರು ಏಕೆ ಬೆಳೆಯಿತು, ನೆರೆಯೂರು ಏಕೆ ಬಾಡಿತು ಎಂಬುದು ತಿಳಿಯದು. ಆದ್ದರಿಂದ ಇಂದು ನಾವು ದೂರ ಹೋಗದೆ, ಮಲಪ್ರಭೆ ಘಟಪ್ರಭೆಗಳ ನಡುವಿನ ಈ ನಾಡಿನಲ್ಲಿಯೇ ಸಾಕ್ಷಿಗಳನ್ನು ಕರೆದು ವಿಚಾರಿಸುವೆವು.

ಮೊದಲನೆಯ ಸಾಕ್ಷಿ ಬಾದಾಮಿ. ಒಂದನೆಯ ಪುಲಕೇಶಿಯು ಇಲ್ಲಿಯ ಬೆಟ್ಟವನ್ನು ಕೋಟೆಯಾಗಿ ಬಲಪಡಿಸಿದ್ದು ಕ್ರಿ. ಶ. 543ರಲ್ಲಿ, ಆ ಮಾತು ಬಂಡೆಯ ಮೇಲೆಯೇ ಕೊರೆದಿದೆ. ಸ್ಥಳವನ್ನು ಆರಿಸಿದ್ದು ಯುದ್ಧದ ಕಣ್ಣು, ವ್ಯಾಪಾರದ ಕಣ್ಣಲ್ಲ. ಎರಡೂ ಬದಿಗೆ ಕಡಿದಾದ ಕೆಂಬಂಡೆ, ನಡುವೆ ಕೆರೆ. ಸುಮಾರು ಇನ್ನೂರು ವರ್ಷ ಅದು ರಾಜಧಾನಿಯಾಗಿ ಮೆರೆಯಿತು. ನಡುವೆ 642ರಲ್ಲಿ ಪಲ್ಲವರು ಹಿಡಿದರು, ಚಾಲುಕ್ಯರು ಮರಳಿ ಪಡೆದರು. ಎಂಟನೆಯ ಶತಮಾನದ ನಡುವಿನಲ್ಲಿ ರಾಷ್ಟ್ರಕೂಟರ ದಂತಿದುರ್ಗನ ಕೈ ಮೇಲಾಗಲು ಸಿಂಹಾಸನವು ಬೇರೆ ಕಡೆಗೆ ಹೋಯಿತು. ಅದರೊಡನೆ ವೈಭವವೂ ಹೋಯಿತು. ಉಳಿದದ್ದು ಕಲ್ಲು. 2011ರ ಖಾನೇಸುಮಾರಿಯಲ್ಲಿ ಬಾದಾಮಿಯಲ್ಲಿದ್ದವರು ಹೆಚ್ಚು ಕಡಿಮೆ 31 ಸಾವಿರ ಜನ. ಅವರಲ್ಲಿ ಎಷ್ಟೋ ಮಂದಿ ಆ ಕಲ್ಲನ್ನು ನೋಡಬಂದ ಪ್ರವಾಸಿಗಳಿಂದ ಬದುಕುತ್ತಾರೆ. ಪುಲಕೇಶಿಯು ಇದನ್ನು ಕಂಡಿದ್ದರೆ ನಕ್ಕಾನೋ, ಅತ್ತಾನೋ ಅರಿಯೆವು.

ಆದರೆ ಬಾದಾಮಿಯ ಮಗ್ಗುಲಲ್ಲಿಯೇ ವರ್ಷಕ್ಕೊಮ್ಮೆ ಇನ್ನೊಂದು ಪಟ್ಟಣ ಹುಟ್ಟಿ ಅಳಿಯುವದು: ಪುಷ್ಯಮಾಸದ ಬನಶಂಕರಿ ಜಾತ್ರೆ. ಬಾಗಿಲು ಚೌಕಟ್ಟುಗಳು, ಪಾತ್ರೆ ಪಡಗ, ನಾಟಕ ಕಂಪನಿಗಳು, ರೈತನ ವರ್ಷದ ಸಂತೆ ಎಲ್ಲವೂ ಅಲ್ಲಿ. ಯಾವ ಅರಸನ ಅಪ್ಪಣೆಯೂ ಇಲ್ಲದೆ ಕೊಡುವವನೂ ಕೊಳ್ಳುವವನೂ ಒಂದೆಡೆ ಕಲೆತರೆ ಊರು ತಾನೇ ಏಳುತ್ತದೆಂಬುದನ್ನು ಅಲ್ಲಿ ಕಣ್ಣಾರೆ ಕಾಣಬಹುದು.

ಇದಕ್ಕಿಂತ ವಿಚಿತ್ರವಾದ ಸಾಕ್ಷಿ ಹುನಗುಂದ ಸೀಮೆಯ ಐಹೊಳೆ. ಅಯ್ಯಾವೊಳೆಯ ಐನೂರ್ವರೆಂಬ ವಣಿಕ ಸಂಘದ ಹೆಸರು ದಕ್ಷಿಣ ಭಾರತದ ಶಾಸನಗಳಲ್ಲಿ ಮೇಲಿಂದ ಮೇಲೆ ಬರುತ್ತದೆ. ಹೇರೆತ್ತು, ಕೋಣ, ಕತ್ತೆಗಳ ಮೇಲೆ ಸರಕು ಹೇರಿಕೊಂಡು ಈ ವ್ಯಾಪಾರಿಗಳು ನಾಡುನಾಡು ತಿರುಗಿದರು, ಕಡಲನ್ನೂ ದಾಟಿದರು. ಸುಮಾತ್ರಾ ದ್ವೀಪದ ಬಾರೂಸಿನ ಬಳಿ ದೊರೆತ 1088ರ ತಮಿಳು ಶಾಸನದಲ್ಲಿ ಐನೂರ್ವರ ಹೆಸರುಂಟು. ತಮಿಳು ನುಡಿಯಲ್ಲಿ, ಮಲಯ ಜನರ ನಾಡಿನಲ್ಲಿ, ಮಲಪ್ರಭೆಯ ದಂಡೆಯಲ್ಲಿ ಮೊದಲು ಹೆಸರಾದ ಸಂಘ! ಹೀಗಿದ್ದೂ ಐಹೊಳೆ ಇಂದು ಗುಡಿಗಳ ನಡುವಿನ ಒಂದು ಹಳ್ಳಿ. ಏಕೆಂದರೆ ಐನೂರ್ವರ ವ್ಯಾಪಾರವು ದಾರಿಯ ಮೇಲಿತ್ತು, ನೆಲದ ಮೇಲಲ್ಲ. ದಾರಿ ಬೇರೆಡೆಗೆ ತಿರುಗಿದಾಗ ಸಂಘವು ಹೆಸರನ್ನು ಕಟ್ಟಿಕೊಂಡು ನಡೆಯಿತು. ಊರು ನಿಂತಲ್ಲಿಯೇ ನಿಂತಿತು. ವ್ಯಾಪಾರವೊಂದೇ ಊರನ್ನು ಕಾಯುತ್ತದೆಂದು ವಾದಿಸುವವರಿಗೆ ಐಹೊಳೆಯು ಪ್ರತಿಸಾಕ್ಷಿಯೇ ಸರಿ.

ಹಾಗಾದರೆ ಇಳಕಲ್ಲು ಉಳಿದದ್ದು ಹೇಗೆ? ಅಲ್ಲಿ ಕೊಳ್ಳುವ ಮಾರುವ ಕೆಲಸದ ಬೆನ್ನಿಗೆ ಮಾಡುವ ಕೈಯೂ ಇತ್ತು. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನೂ ಕೊಂಡಿ ಕೊಂಡಿಯಾಗಿ ಒಂದರೊಳಗೊಂದು ಸಿಕ್ಕಿಸಿ ಆಮೇಲೆ ನೇಯುವರು. ಸೆರಗಿನಲ್ಲಿ ಜೋಳದ ತೆನೆ, ಹಣಿಗೆ, ಕೋಟೆಯ ತೆನೆಸಾಲು. ಹೊಲದಲ್ಲಿ, ಮನೆಯಲ್ಲಿ, ಬೆಟ್ಟದ ಮೇಲೆ ಕಂಡದ್ದೆಲ್ಲ ಆ ಕೆಂಪು ಬಿಳುಪಿನಲ್ಲಿ ಬಂದಿದೆ. ಈ ಕೆಲಸವನ್ನು ಗಂಟು ಕಟ್ಟಿ ಕತ್ತೆಯ ಮೇಲೆ ಹೇರಲಾಗದು. ಹಾಸು ಹೂಡುವವರು, ಬಣ್ಣ ಹಾಕುವವರು, ಕಂಡಿಕೆ ಸುತ್ತುವ ಹೆಣ್ಣುಮಕ್ಕಳು, ನೇಯುವವನು, ಸಾಲ ಕೊಡುವ ಸಾವಕಾರ, ಇವರೆಲ್ಲ ಒಂದೇ ಊರಿನಲ್ಲಿ ಕೂಗಳತೆಯಲ್ಲಿ ಇರಬೇಕು. ಇದೇ ಇಳಕಲ್ಲಿನ ಕೋಟೆ. ಬಾದಾಮಿ ಸೀಮೆಯ ಗುಳೇದಗುಡ್ಡದ ಖಣವೂ ಹಾಗೆಯೇ. ಸೀರೆ ಇಲ್ಲಿಯದು, ಕುಪ್ಪಸ ಅಲ್ಲಿಯದು, ಎರಡನ್ನೂ ಕೂಡಿಸಿ ಉಟ್ಟವರು ಕನ್ನಡ ನಾಡಿನ ಹೆಣ್ಣುಮಕ್ಕಳಷ್ಟೇ ಅಲ್ಲ, ಮಹಾರಾಷ್ಟ್ರದವರೂ ಅಹುದು. ಗುಳೆ ಬಂದವರು ನೆಲಸಿದ ಗುಡ್ಡವೆಂದೇ ಜನರು ಗುಳೇದಗುಡ್ಡದ ಹೆಸರಿಗೆ ಅರ್ಥ ಹೇಳುವರು.

ಇನ್ನು ದಾರಿಯ ಮಾತು. 1876ರಿಂದ 78ರ ವರೆಗಿನ ಡೌಗಿ ಬರವನ್ನು ನೀವೆಲ್ಲರೂ ಹಿರಿಯರ ಬಾಯಿಯಿಂದ ಬಂದ ಕಥೆಗಳಲ್ಲಿ ಕೇಳಿದವರೇ. ಆಗ ಇದು ಕಲಾದಗಿ ಜಿಲ್ಲೆ. 1872ರ ಎಣಿಕೆಗೂ 1881ರ ಎಣಿಕೆಗೂ ನಡುವೆ ಈ ಜಿಲ್ಲೆಯ ಜನರಲ್ಲಿ ಐದನೆಯ ಒಂದು ಪಾಲಿಗಿಂತ ಹೆಚ್ಚು ಮಂದಿ ಇಲ್ಲವಾದರು. ಕೆಲವರು ಸತ್ತರು, ಕೆಲವರು ನಾಡುಬಿಟ್ಟು ಹೋದರು. ಬೇರೆ ಪ್ರಾಂತದಲ್ಲಿ ಕಾಳು ಇದ್ದರೂ ಮೇವಿಲ್ಲದೆ ಎತ್ತುಗಳು ಸತ್ತ ಮೇಲೆ ಚಕ್ಕಡಿ ಎಳೆಯುವವರಾರು? ಈ ಪೆಟ್ಟು ತಿಂದ ಮೇಲೆಯೇ ಹೊಟಗಿಯಿಂದ ಗದಗಿಗೆ ರೇಲ್ವೆ ಹಾಕಿದರು. 1884ರಲ್ಲಿ ಬಂಡಿ ಓಡಿತು. ಬಾಗಲಕೋಟೆಯ ಪೇಟೆಗೆ ಅದು ಉಸಿರಾಯಿತು. ಬಾದಾಮಿಗೆ ಮಾತ್ರ ಸ್ಟೇಶನ್ನು ಊರಿನಿಂದ ಮೂರು ಮೈಲು ದೂರ ಬಿದ್ದಿತು. ಇಳಕಲ್ಲಿಗೆ ಅದು ಬರಲೇ ಇಲ್ಲ. ಕಾಳನ್ನು ತಂದ ರೇಲ್ವೆಯೇ ವಿಲಾಯತಿಯ ಗಿರಣಿ ಬಟ್ಟೆಯನ್ನೂ ತಂದು ನೇಕಾರನ ಹೊಟ್ಟೆಯ ಮೇಲೆ ಹೊಡೆಯಿತೆಂಬುದನ್ನೂ ಮರೆಯಲಾಗದು. ದಾರಿಯು ಎರಡು ಕಡೆಗೆ ತೆರೆದ ಬಾಗಿಲು.

ಸದರೀ ಕಲಾದಗಿಯ ಗತಿಯನ್ನು ಎರಡೇ ಮಾತಿನಲ್ಲಿ ಹೇಳುವೆವು. ಕಲೆಕ್ಟರರ ಕಚೇರಿ ಅಲ್ಲಿದ್ದಾಗ ಅದು ಜಿಲ್ಲೆಗೆ ಹೆಸರು ಕೊಟ್ಟ ಊರು. 1885ರ ಹೊತ್ತಿಗೆ ಕಚೇರಿಯು ವಿಜಾಪುರಕ್ಕೆ ಹೋಗಲು ಹೆಸರೂ ಹೋಯಿತು. ಕಚೇರಿಯನ್ನು ನಂಬಿದ ಊರು ಬದಲಿಯ ಹುಕುಮಿಗೆ ಹೆದರಬೇಕು.

ಬಂಧುಗಳೇ, ದಾರಿಗೆ ಕಲ್ಲು ಮಣ್ಣು ಮಾತ್ರ ಅಡ್ಡವಲ್ಲ. 1948ರ ವರೆಗೆ ಈ ನಾಡಿನಲ್ಲಿ ಎಷ್ಟು ರಾಜ್ಯಗಳಿದ್ದವೆಂಬುದನ್ನು ಎಣಿಸಿರಿ: ಬಾಗಲಕೋಟೆ ಮುಂಬಯಿ ಇಲಾಖೆಗೆ, ಅದರ ಬದಿಯ ಮುಧೋಳ, ಜಮಖಂಡಿ, ರಾಮದುರ್ಗಗಳು ಒಬ್ಬೊಬ್ಬ ಸಂಸ್ಥಾನಿಕನಿಗೆ. ಇಳಕಲ್ಲು ದಾಟಿದರೆ ಕುಷ್ಟಗಿ, ಅಂದರೆ ನಿಜಾಮನ ರಾಜ್ಯ. ಅಲ್ಲಿ ಕರೋಡಗಿರಿಯ ಸುಂಕ, ಅಲ್ಲಿಯ ಹಾಲಿ ಸಿಕ್ಕಾ ಬೇರೆ, ಇಲ್ಲಿಯ ಕಲದಾರ ರೂಪಾಯಿ ಬೇರೆ. ಇಳಕಲ್ಲಿನ ಸೀರೆಯನ್ನು ಕುಷ್ಟಗಿಯ ಕನ್ನಡಿತಿ ಉಡಬೇಕಾದರೆ ಎರಡು ಸರಕಾರಗಳ ಗಡಿ ದಾಟಬೇಕಾಗಿತ್ತು. ಏಕೀಕರಣವೆಂದರೆ ಬರಿಯ ಭಾಷಾಭಿಮಾನದ ಗೀಳೆಂದು ಅಣಕಿಸಿದವರು ಈ ಸುಂಕದ ಕಟ್ಟೆಯ ಮುಂದೆ ಒಂದು ದಿನ ಚಕ್ಕಡಿ ನಿಲ್ಲಿಸಿ ನೋಡಬೇಕಾಗಿತ್ತು. 1956ರ ನವೆಂಬರ 1ರಂದು ಆ ಗೆರೆ ಅಳಿಯಿತು. ಆದರೆ ಗೆರೆ ಅಳಿದೊಡನೆ ದಾರಿ ತಾನಾಗಿ ಬರಲಿಲ್ಲ. ಕುಷ್ಟಗಿಗೆ ರೇಲ್ವೆ ಬಂದದ್ದು 2025ರಲ್ಲಿ. ಇಳಕಲ್ಲು ಇನ್ನೂ ಹೆದ್ದಾರಿಯನ್ನೇ ನಂಬಿದೆ. ಒಕ್ಕಟ್ಟಾದ ನಾಡಿನಲ್ಲಿ ಈ ಸೀಮೆಯ ಕೂಲಿಯವರು ಬೆಂಗಳೂರು, ಮಂಗಳೂರು, ಗೋವೆಗಳಿಗೆ ಗುಳೆ ಹೋಗಿ ಅಲ್ಲಿಯ ಮಾಳಿಗೆಗಳನ್ನು ಕಟ್ಟುವರು. ಅಲ್ಲಿಯ ಜನಸಂಖ್ಯೆ ಏರುವದು, ಇಲ್ಲಿಯ ಮನೆಗೆ ಕೀಲಿ ಬೀಳುವದು.

ಕೊನೆಗೆ ಬಾಗಲಕೋಟೆ. ಆಲಮಟ್ಟಿಯಲ್ಲಿ ಕೃಷ್ಣೆಗೆ ಕಟ್ಟುವ ಅಣೆಗೆ ಲಾಲಬಹಾದ್ದೂರ ಶಾಸ್ತ್ರಿಗಳು 1964ರಲ್ಲಿ ಅಡಿಗಲ್ಲಿಟ್ಟರು. ಅದರ ಹಿನ್ನೀರು ಘಟಪ್ರಭೆಯ ಪಾತ್ರದಲ್ಲಿ ಏರಿ ಬಂದು ಹಳೆಯ ಊರಿನ ತಗ್ಗಿನ ಭಾಗವನ್ನು ನುಂಗಿತು. ನೀರಾವರಿ ಬೇಡವೆಂದು ನಾವು ಹೇಳುವವರಲ್ಲ. ಬರವನ್ನು ಕಂಡ ನಾಡು ನೀರಿಗೆ ಮುನಿಯಲಾರದು. ಮುಳುಗಿದವರಿಗಾಗಿ ನವನಗರ ಎದ್ದಿತು, 1997ರಲ್ಲಿ ಬಾಗಲಕೋಟೆಯು ಜಿಲ್ಲೆಯೂ ಆಯಿತು. ಕಚೇರಿಗಳೆಲ್ಲ ಅಲ್ಲಿ ನೆಲಸಿದವು. ಅಗಲವಾದ ಬೀದಿ, ಓಣಿಯ ಹೆಸರಿನ ಬದಲು ಸೆಕ್ಟರಿನ ಸಂಖ್ಯೆ. 1894ರ ಭೂಸ್ವಾಧೀನ ಕಾಯಿದೆಯ 23ನೆಯ ಕಲಮಿನಲ್ಲಿ ಪೇಟೆಯ ದರ, ಗಳಿಕೆಯ ಹಾನಿ, ಸ್ಥಳ ಬದಲಿಸುವ ಖರ್ಚು, ಇವೆಲ್ಲಕ್ಕೂ 2014ರಲ್ಲಿ ಅದು ರದ್ದಾಗುವವರೆಗೆ ಜಾಗವಿತ್ತು. ಆದರೆ ಮೂರು ತಲೆಮಾರು ಒಂದೇ ಕಟ್ಟೆಯ ಮೇಲೆ ಕುಳಿತು ಗಳಿಸಿದ ಅಂಗಡಿಕಾರನ ಪತಕ್ಕೆ, ಹಳ್ಳಿಯ ರೈತನು ಕಣ್ಣು ಮುಚ್ಚಿ ನಡೆದು ಬರುತ್ತಿದ್ದ ಆ ರೂಢಿಗೆ, ಯಾವ ಕಲಮಿನಲ್ಲಿ ಬೆಲೆ ಕಟ್ಟುವದು? ಇಷ್ಟಾದರೂ ಹಳೆಯ ಊರಿನ ಉಳಿದ ಭಾಗದಲ್ಲಿ ಪೇಟೆ ಇನ್ನೂ ನಡೆದೇ ಇದೆ. ಜಿಲ್ಲಾ ಕಚೇರಿಗೆ ಹೋದವನು ಸಂತೆಗೆ ಹಳೆಯ ಊರಿಗೇ ಇಳಿಯುತ್ತಾನೆ.

ಈ ಪಂಚಾಯತಿಯು ಮುಗಿದಿಲ್ಲ. ಕೃಷ್ಣಾ ಜಲವಿವಾದದ ಎರಡನೆಯ ನ್ಯಾಯಾಧಿಕರಣವು 2010ರಲ್ಲಿ ಜಲಾಶಯದ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು ಒಪ್ಪಿಗೆ ಕೊಟ್ಟಿದೆ. ಆ ನೀರು ಏರಿದ ದಿನ ಬಾಗಲಕೋಟೆಯ ಇನ್ನಷ್ಟು ಓಣಿಗಳೂ ಹಲವು ಹಳ್ಳಿಗಳೂ ಎದ್ದು ನಡೆಯಬೇಕು. ಪರಿಹಾರದ ದರವನ್ನು ಕುರಿತು ಚರ್ಚೆ ಬೇಕಾದಷ್ಟು ನಡೆದಿದೆ, ನಡೆಯಲಿ. ನಾವು ಕೇಳುವದು ಬೇರೆ. ಹೊಸ ನಿವೇಶನಗಳ ನಕಾಶೆ ಬರೆಯುವಾಗ ಮೊದಲ ಗೆರೆ ಯಾವದಕ್ಕೆ ಬೀಳುವದು, ಕಚೇರಿಗೋ, ಪೇಟೆಗೋ? ಅಡತಿಯ ಅಂಗಡಿ, ಸಂತೆಯ ಬಯಲು, ನೇಕಾರನ ಮಗ್ಗದ ಕುಣಿ, ಹಳ್ಳಿಯಿಂದ ಬರುವ ಬಸ್ಸಿನ ನಿಲುಗಡೆ, ಇವು ಒಂದಕ್ಕೊಂದು ಕೂಗಳತೆಯಲ್ಲಿ ಇರುವವೋ, ಇಲ್ಲವೋ? ನಗರಸಭೆಯ ಸದಸ್ಯರು ಈ ಸಭೆಯಲ್ಲಿ ಇದ್ದರೆ ನಕಾಶೆಯನ್ನು ಊರ ಮುಂದೆ ತೂಗುಹಾಕಿಸಲಿ. ಶಿಕ್ಷಕ ಮಹಾಶಯರು ತಮ್ಮ ಹುಡುಗರನ್ನು ಕರೆದುಕೊಂಡು ಹೋಗಿ, ಮುಳುಗಲಿರುವ ಓಣಿಗಳಲ್ಲಿ ಯಾವ ಅಂಗಡಿಗೆ ಯಾವ ಹಳ್ಳಿಯವರು ಬರುತ್ತಾರೆಂಬುದನ್ನು ಈಗಲೇ ಬರೆಸಿಡಲಿ. ನೀರು ಬಂದ ಮೇಲೆ ಕೇಳಿದರೆ ಹೇಳುವವರಿರುವದಿಲ್ಲ.