ಕಾರಣ ಕೇಳುವ ನೋಟೀಸು

ಸರ್ಕಾರಿ ನೌಕರರ ಮನೆಗಳಲ್ಲಿ ಒಂದು ಲಕೋಟೆಗೆ ಇರುವ ಭಯ ಬೇರೆ ಯಾವ ಕಾಗದಕ್ಕೂ ಇಲ್ಲ. ಅದರ ಹೆಸರು ಕಾರಣ ಕೇಳುವ ನೋಟೀಸು. ನಿಮ್ಮ ಮೇಲೆ ಇಂಥ ಆಪಾದನೆ ಬಂದಿದೆ, ನಿಮ್ಮ ಮೇಲೆ ಶಿಸ್ತಿನ ಕ್ರಮವನ್ನು ಏಕೆ ಕೈಗೊಳ್ಳಬಾರದು ಎಂಬುದಕ್ಕೆ ಇಷ್ಟು ದಿನಗಳೊಳಗೆ ಕಾರಣ ತಿಳಿಸತಕ್ಕದ್ದು ಎಂದು ಅದರ ಒಕ್ಕಣೆ. ಕನ್ನಡದಲ್ಲಿ 'ಕೇಳು' ಎಂಬ ಕ್ರಿಯಾಪದಕ್ಕೆ ಎರಡು ಅರ್ಥಗಳುಂಟು. ಪ್ರಶ್ನಿಸುವುದು ಒಂದು, ಕಿವಿಗೊಡುವುದು ಇನ್ನೊಂದು. ನೋಟೀಸು ಕಳುಹಿಸುವ ಅಧಿಕಾರಿ ಮೊದಲನೆಯ ಅರ್ಥದಲ್ಲಿ ಕೇಳಿರುತ್ತಾರೆ. ಎರಡನೆಯ ಅರ್ಥದಲ್ಲಿಯೂ ಅವರು ಕೇಳಲೇಬೇಕೆಂದು ವಿಧಿಸುವುದು ನಮ್ಮ ಸಂವಿಧಾನದ 311ನೆಯ ಅನುಚ್ಛೇದ. ಈ ಹೊತ್ತು ನಾನು ಆಡಬೇಕೆಂದಿರುವ ಮಾತು ಈ ಎರಡನೆಯ ಕೇಳುವಿಕೆಯನ್ನು ಕುರಿತದ್ದು.

ಬ್ರಿಟಿಷರ ಆಳ್ವಿಕೆಯಲ್ಲಿ ಸರ್ಕಾರಿ ನೌಕರನು ದೊರೆಯ ಇಚ್ಛೆ ಇರುವಷ್ಟು ಕಾಲ ಮಾತ್ರ ಹುದ್ದೆಯಲ್ಲಿರತಕ್ಕವನು. ವಿಚಾರಣೆ ನಡೆಸಬೇಕೆಂಬ ನಿಯಮಗಳೇನೋ ಇದ್ದುವು. ಆದರೆ ಅವನ್ನು ಮೀರಿದರೆ ಏನು ಗತಿ? ಮದರಾಸಿನ ಸರ್ಕಾರಿ ಮುದ್ರಣಾಲಯದ ನೌಕರನೊಬ್ಬನನ್ನು, ನಿಯಮದಂತೆ ವಿಚಾರಣೆ ನಡೆಸದೆಯೇ, ಕೆಲಸದಿಂದ ತೆಗೆದುಹಾಕಿದ ಮೊಕದ್ದಮೆ ಪ್ರಿವಿ ಕೌನ್ಸಿಲ್ಲಿನವರೆಗೆ ಹೋಯಿತು. ನಿಯಮದ ಪಾಲನೆ ಆಗಿಲ್ಲವೆಂಬುದು ನಿಜ, ಆದರೆ ಅದಕ್ಕೆ ಪರಿಹಾರವನ್ನು ಮೇಲಧಿಕಾರಿಗಳಲ್ಲಿ ಬೇಡಬೇಕೇ ಹೊರತು ನ್ಯಾಯಾಲಯದಲ್ಲಲ್ಲ ಎಂದು 1937ರಲ್ಲಿ ತೀರ್ಪಾಯಿತು. ಹೊಡೆದವನ ಬಳಿಯೇ ದೂರು ಕೊಡು ಎಂದಂತೆ! 1935ರ ಕಾಯಿದೆಯಲ್ಲಿ ಈ ರಕ್ಷಣೆಯನ್ನು ಬರಿಯ ನಿಯಮದ ಮಟ್ಟದಿಂದ ಮೇಲೆತ್ತಿ ಕಾಯಿದೆಯೊಳಗೇ ಸೇರಿಸಿದರು. ಅಲ್ಲಿಂದ ಅದು ನಮ್ಮ ಸಂವಿಧಾನಕ್ಕೆ ಬಂದಿತು. ದೊರೆಯ ಇಚ್ಛೆಯ ತತ್ತ್ವವೂ ಮಾಯವಾಗಲಿಲ್ಲವೆನ್ನಿ. ರಾಷ್ಟ್ರಪತಿ ಮತ್ತು ರಾಜ್ಯಪಾಲರ ಹೆಸರಿನಲ್ಲಿ ಅದು 310ನೆಯ ಅನುಚ್ಛೇದದಲ್ಲಿ ಇಂದಿಗೂ ಕುಳಿತಿದೆ. ಅದರ ಮೂಗುದಾರ 311.

ಈ ಮೂಗುದಾರಕ್ಕೆ ಎರಡು ಎಳೆ. ನೇಮಕ ಮಾಡಿದ ಅಧಿಕಾರಿಗಿಂತ ಕೆಳಗಿನವರು ಯಾರೂ ನೌಕರನನ್ನು ವಜಾ ಮಾಡುವಂತಿಲ್ಲ, ತೆಗೆದುಹಾಕುವಂತಿಲ್ಲ ಎಂಬುದು ಒಂದು ಎಳೆ. ಆಪಾದನೆಗಳನ್ನು ತಿಳಿಸಿ, ತನ್ನ ಮಾತನ್ನು ಹೇಳಿಕೊಳ್ಳಲು ಸಮಂಜಸವಾದ ಅವಕಾಶವನ್ನು ಕೊಟ್ಟು, ವಿಚಾರಣೆ ನಡೆಸಿದ ಮೇಲಲ್ಲದೆ ವಜಾ ಮಾಡುವುದಾಗಲಿ, ತೆಗೆದುಹಾಕುವುದಾಗಲಿ, ಹಿಂಬಡ್ತಿ ಕೊಡುವುದಾಗಲಿ ಸಲ್ಲದೆಂಬುದು ಮತ್ತೊಂದು. (ವಜಾ ಆದವನಿಗೆ ಸಾಮಾನ್ಯವಾಗಿ ಸರ್ಕಾರದ ಬಾಗಿಲು ಮತ್ತೆ ತೆರೆಯದು, ತೆಗೆದುಹಾಕಲ್ಪಟ್ಟವನಿಗೆ ಆ ನಿಷೇಧವಿಲ್ಲ. ಅನ್ನ ಹೋಗುವುದು ಇಬ್ಬರಿಗೂ ಸಮಾನ.) 'ಸಮಂಜಸವಾದ ಅವಕಾಶ' ಎಂಬ ಮಾತಿನ ಒಳಗೆ ಏನೇನು ಅಡಗಿದೆ ಎಂಬುದನ್ನು 1957ರಲ್ಲಿ ಖೇಮ್ ಚಂದ್ ಪ್ರಕರಣದಲ್ಲಿ ಮುಖ್ಯ ನ್ಯಾಯಮೂರ್ತಿ ಎಸ್. ಆರ್. ದಾಸ್ ಅವರು ಬಿಡಿಸಿ ಹೇಳಿದರು. ಆಪಾದನೆ ಏನು, ಅದಕ್ಕೆ ಆಧಾರವೇನು ಎಂಬುದು ತಿಳಿದಿರಬೇಕು. ತನ್ನ ವಿರುದ್ಧದ ಸಾಕ್ಷಿಗಳನ್ನು ಪಾಟೀಸವಾಲು ಮಾಡಲು, ತನ್ನ ಕಡೆಯ ಸಾಕ್ಷ್ಯವನ್ನು ಮುಂದಿಡಲು ಆಸ್ಪದವಿರಬೇಕು. ಇಷ್ಟಾದ ಮೇಲೆ, ಕೊಡಬೇಕೆಂದಿರುವ ಶಿಕ್ಷೆ ಏಕೆ ಸಲ್ಲದೆಂದು ಹೇಳಿಕೊಳ್ಳುವುದಕ್ಕೂ ಅವಕಾಶವಿರಬೇಕು. ಈ ಕೊನೆಯ ಅವಕಾಶವನ್ನು 1963ರ ತಿದ್ದುಪಡಿ ಮೊಟಕುಗೊಳಿಸಿತು, 1976ರ 42ನೆಯ ತಿದ್ದುಪಡಿ ಕಿತ್ತೇ ಹಾಕಿತು.

ತತ್ತ್ವ ಇಷ್ಟು ಸ್ಪಷ್ಟವಾಗಿದ್ದರೂ ಅದು ಮುರಿದುಬೀಳುವುದು ತತ್ತ್ವದ ಎಡೆಯಲ್ಲಲ್ಲ, ಬಸ್ಸಿನ ಚಾರ್ಜಿನ ಎಡೆಯಲ್ಲಿ. ನಮ್ಮ ಕೋಲಾರದ ಚಿನ್ನದ ಗಣಿಯ ಒಂದು ಪ್ರಕರಣವನ್ನು ನೋಡಿ. ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಯ ಭದ್ರತಾಧಿಕಾರಿಯೊಬ್ಬರ ಮನೆಯ ಮೇಲೆ 1985ರಲ್ಲಿ ಪೊಲೀಸರು ದಾಳಿ ಮಾಡಿ, ನಾಲ್ಕೂವರೆ ಗ್ರಾಮ್ ತೂಕದ ಚಿನ್ನದ ಉಂಡೆ, ಒಂದಿಷ್ಟು ಚಿನ್ನ ಬೆರೆತ ಮರಳು ದೊರೆಯಿತೆಂದು ಮೊಕದ್ದಮೆ ಹೂಡಿದರು. ಅಧಿಕಾರಿಯ ಅಮಾನತಾಯಿತು, ಇಲಾಖಾ ವಿಚಾರಣೆಯೂ ತೊಡಗಿತು. ಅವರು ತಮ್ಮ ಊರಾದ ಕೇರಳದಲ್ಲಿದ್ದರು. ಅಮಾನತಿನ ಕಾಲದಲ್ಲಿ ಕೊಡಬೇಕಾದ ಜೀವನಾಧಾರ ಭತ್ಯೆಯನ್ನು ಕೊಡಲಿಲ್ಲ. ಗಣಿಯ ಊರಿಗೆ ಬರಲು ಕೈಯಲ್ಲಿ ಹಣವಿಲ್ಲವೆಂದು ಅವರು ಬರೆದುಕೊಂಡರೂ ವಿಚಾರಣೆ ಅವರಿಲ್ಲದೆಯೇ ನಡೆದು, 1986ರಲ್ಲಿ ವಜಾ ಆದೇಶ ಹೊರಟಿತು. ಮರುವರ್ಷವೇ ಕ್ರಿಮಿನಲ್ ನ್ಯಾಯಾಲಯ, ದಾಳಿ ನಡೆದು ವಸ್ತುಗಳು ಸಿಕ್ಕವೆಂಬುದೇ ಸಾಬೀತಾಗಿಲ್ಲವೆಂದು ಅವರನ್ನು ಬಿಡುಗಡೆ ಮಾಡಿತು. ಆದರೆ ಕೆಲಸ ಮರಳಿ ಸಿಕ್ಕಿತೇ? ಅದಕ್ಕೆ 1999ರ ಮಾರ್ಚ್ ತಿಂಗಳಿನವರೆಗೆ, ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಬೇಕಾಯಿತು. ಜೀವನಾಧಾರ ಭತ್ಯೆಯನ್ನು ತಡೆಹಿಡಿದು ನೌಕರನನ್ನು ವಿಚಾರಣೆಗೆ ಬಾರದಂತೆ ಮಾಡುವುದು ಜೀವಿಸುವ ಹಕ್ಕಿಗೇ ಧಕ್ಕೆ ಎಂದು ನ್ಯಾಯಾಲಯ ಹೇಳಿ, ಬಾಕಿ ವೇತನದೊಡನೆ ಅವರನ್ನು ಮರಳಿ ತೆಗೆದುಕೊಳ್ಳಬೇಕೆಂದು ಆಜ್ಞಾಪಿಸಿತು. ಹದಿಮೂರು ವರ್ಷ ಕಳೆದಿತ್ತು. ಇನ್ನೆರಡು ವರ್ಷಕ್ಕೆ, 2001ರಲ್ಲಿ, ಗಣಿಯೇ ಮುಚ್ಚಿತು.

ಇದು ಅಪೂರ್ವವಾದ ಕಥೆಯೇನಲ್ಲ. ಮಧ್ಯಪ್ರದೇಶದ ಸರ್ಕಾರಿ ನೌಕರನೊಬ್ಬ ಇದ್ದುದು ರೇವಾದಲ್ಲಿ, ವಿಚಾರಣೆ ಇಟ್ಟದ್ದು 500 ಕಿಲೋಮೀಟರ್ ದೂರದ ಜಗದಲ್‌ಪುರದಲ್ಲಿ. ಭತ್ಯೆ ಅಲ್ಲಿಯೂ ಬಂದಿರಲಿಲ್ಲ. 1973ರಲ್ಲಿಯೇ ಸರ್ವೋಚ್ಚ ನ್ಯಾಯಾಲಯ ಆ ಆದೇಶವನ್ನು ರದ್ದುಮಾಡಿತ್ತು. ಅನಂತರವೂ ಗಣಿಯ ಪ್ರಕರಣ ನಡೆಯಿತೆಂಬುದನ್ನು ಕೇಳುಗರು ಗಮನಿಸಬೇಕು.

ಇನ್ನೊಂದು ಕೊರತೆ ಬಹುಕಾಲ ಉಳಿದಿತ್ತು. ಲಕ್ಷ್ಮೀಶನ ಜೈಮಿನಿ ಭಾರತವನ್ನು ಓದಿದವರಿಗೆ ಚಂದ್ರಹಾಸನ ಕಥೆ ನೆನಪಿರುತ್ತದೆ. ತನ್ನ ಸಾವಿನ ಆಜ್ಞೆಯಿರುವ ಓಲೆಯನ್ನು ಆ ಹುಡುಗ ತಾನೇ ಹೊತ್ತು ನಡೆಯುತ್ತಾನೆ, ಒಳಗೆ ಏನಿದೆಯೆಂದು ಅರಿಯ. ವಿಚಾರಣಾಧಿಕಾರಿ ಒಬ್ಬರು, ಶಿಕ್ಷೆ ವಿಧಿಸುವ ಶಿಸ್ತು ಪ್ರಾಧಿಕಾರಿ ಮತ್ತೊಬ್ಬರು ಆದಾಗ, ಮೊದಲನೆಯವರ ವರದಿ ಎರಡನೆಯವರ ಮನಸ್ಸನ್ನು ತಿದ್ದುತ್ತದೆ. ಆದರೆ 1976ರ ತಿದ್ದುಪಡಿಯ ಅನಂತರ ಆ ವರದಿಯಲ್ಲಿ ಏನಿದೆಯೆಂಬುದು ಶಿಕ್ಷೆಯ ಆದೇಶ ಬರುವವರೆಗೂ ನೌಕರನಿಗೆ ತಿಳಿಯದೆ ಹೋಗುತ್ತಿತ್ತು. ವರದಿಯ ಪ್ರತಿಯನ್ನು ಮೊದಲೇ ಕೊಡತಕ್ಕದ್ದೆಂದು 1990ರಲ್ಲಿ ರಂಜಾನ್ ಖಾನ್ ಪ್ರಕರಣದಲ್ಲಿ ತೀರ್ಮಾನವಾಯಿತು. 1993ರಲ್ಲಿ ಕರುಣಾಕರ್ ಪ್ರಕರಣದಲ್ಲಿ ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಪ್ರತಿ ಕೊಡದಿದ್ದ ಮಾತ್ರಕ್ಕೆ ನೌಕರನಿಗೆ ಕೆಲಸ ತಾನಾಗಿ ಮರಳದು, ಅದರಿಂದ ತನಗೆ ಬಾಧೆಯಾಯಿತೆಂದು ಅವನು ತೋರಿಸಬೇಕು ಎಂದೂ ಪೀಠ ಸೇರಿಸಿತು. ಚಂದ್ರಹಾಸನನ್ನು ವಿಷಯೆಯ ಕಾಡಿಗೆಗಣ್ಣು ಕಾಪಾಡಿತು. ನಮ್ಮ ಗುಮಾಸ್ತರನ್ನು ಕಾಪಾಡಲು ಸಂವಿಧಾನ ಪೀಠವೇ ಬೇಕಾಯಿತು.

ಇದೆಲ್ಲ ಲಂಚಕೋರರಿಗೆ ಕಟ್ಟಿಕೊಟ್ಟ ಕೋಟೆಯಲ್ಲವೆ, ಎಂದು ಕೇಳುವವರು ಬಹಳ ಮಂದಿ. ಆಕ್ಷೇಪ ಹಗುರವಾದುದಲ್ಲ. ಸಂವಿಧಾನವೇ ಮೂರು ಬಾಗಿಲುಗಳನ್ನು ತೆರೆದಿಟ್ಟಿದೆ. ನ್ಯಾಯಾಲಯದಲ್ಲಿ ಅಪರಾಧ ಸಿದ್ಧವಾಗಿದ್ದರೆ, ವಿಚಾರಣೆ ನಡೆಸುವುದು ಕಾರ್ಯಸಾಧ್ಯವಲ್ಲವೆಂದು ಕಾರಣಗಳನ್ನು ಬರೆದಿಟ್ಟರೆ, ರಾಜ್ಯದ ಭದ್ರತೆಯ ದೃಷ್ಟಿಯಿಂದ ವಿಚಾರಣೆ ತರವಲ್ಲವೆಂದು ರಾಷ್ಟ್ರಪತಿ ಅಥವಾ ರಾಜ್ಯಪಾಲರಿಗೆ ಮನವರಿಕೆಯಾದರೆ, ವಿಚಾರಣೆಯಿಲ್ಲದೆಯೂ ತೆಗೆಯಬಹುದು. ರೈಲ್ವೆ ನೌಕರರು, ಪೊಲೀಸರು, ಕೈಗಾರಿಕಾ ಭದ್ರತಾ ಪಡೆಯವರು ಹೂಡಿದ್ದ ಮೊಕದ್ದಮೆಗಳನ್ನು ಒಟ್ಟುಗೂಡಿಸಿ 1985ರಲ್ಲಿ ತುಳಸೀರಾಮ್ ಪಟೇಲ್ ಪ್ರಕರಣದಲ್ಲಿ ಈ ಬಾಗಿಲುಗಳು ಸಿಂಧುವೆಂದು ತೀರ್ಪಾಯಿತು. ಆದುದರಿಂದ ಭ್ರಷ್ಟನು ಉಳಿದುಕೊಂಡರೆ ಅದಕ್ಕೆ ಕಾರಣ 311 ಎಂದು ನನಗೆ ತೋರುವುದಿಲ್ಲ. ಕಡತವನ್ನು ವರ್ಷಗಟ್ಟಲೆ ಕಪಾಟಿನಲ್ಲಿಟ್ಟು, ಕೊನೆಗೆ ಅವಸರದಲ್ಲಿ ಸಾಕ್ಷಿಯನ್ನೂ ಕರೆಯದೆ ಆದೇಶ ಬರೆಯುವ ಕೈಗಳು ಕಾರಣ. ಅಂಥ ಆದೇಶ ನ್ಯಾಯಾಲಯದಲ್ಲಿ ನಿಲ್ಲದು, ತಪ್ಪಿತಸ್ಥನೂ ನಿರಪರಾಧಿಯ ಜೊತೆಯಲ್ಲಿಯೇ ಪಾರಾಗುತ್ತಾನೆ. ಇಲಾಖಾ ವಿಚಾರಣೆಯನ್ನು ಆರು ತಿಂಗಳೊಳಗೆ, ಅನಿವಾರ್ಯವಾದರೆ ಒಂದು ವರ್ಷದೊಳಗೆ ಮುಗಿಸಲು ಯತ್ನಿಸಬೇಕೆಂದು 2015ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. ಹಾಗೆ ಹೇಳಬೇಕಾಗಿ ಬಂದುದೇ ಪರಿಸ್ಥಿತಿಯ ಪರಿಚಯ.

ನನಗೆ ಇದಕ್ಕಿಂತ ಹೆಚ್ಚು ಯೋಚನೆಯಾಗುವುದು ಈ ಬೇಲಿಯ ಹೊರಗೆ ನಿಂತವರದು. ತಾತ್ಕಾಲಿಕ ನೌಕರನನ್ನು ಕೂಡ ಶಿಕ್ಷೆಯ ರೂಪದಲ್ಲಿ ತೆಗೆಯುವುದಾದರೆ ವಿಚಾರಣೆ ಬೇಕೆಂದು 1957ರಲ್ಲಿಯೇ ಧಿಂಗ್ರಾ ಪ್ರಕರಣದಲ್ಲಿ ನಿರ್ಣಯವಾಗಿತ್ತು. ಆದರೆ ಶಿಕ್ಷೆ ಎನ್ನದೆ, ಅವಧಿ ಮುಗಿಯಿತು ಎಂದಷ್ಟೇ ಬರೆದರೆ? ಕಾಲೇಜುಗಳ ಅತಿಥಿ ಉಪನ್ಯಾಸಕರ ಕಾರ್ಯಾದೇಶ ಅವಧಿಯೊಡನೆ ಮುಗಿಯುತ್ತದೆ. ಕಛೇರಿಗಳ ಗಣಕಯಂತ್ರ ನಿರ್ವಾಹಕರು, ವಾಹನ ಚಾಲಕರು, ಕಾವಲುಗಾರರು ಅನೇಕ ಕಡೆ ಏಜೆನ್ಸಿಯ ಮೂಲಕ ಬಂದವರು. ಅವರು ಸರ್ಕಾರದ ಕೆಲಸ ಮಾಡುತ್ತಾರೆ, ಸರ್ಕಾರದ ಹುದ್ದೆಯಲ್ಲಿ ಇರುವುದಿಲ್ಲ. ಖಾಯಂ ನೌಕರನನ್ನು ಕಾರಣ ಹೇಳದೆ, ಬರಿಯ ಮೂರು ತಿಂಗಳ ನೋಟೀಸು ಕೊಟ್ಟು ತೆಗೆಯುವ ಸಾರ್ವಜನಿಕ ಸಂಸ್ಥೆಯೊಂದರ ನಿಯಮವನ್ನು 1986ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೊಡೆದುಹಾಕಿತು. ಏಜೆನ್ಸಿಯ ಹುಡುಗನಿಗೆ ಆ ಮೂರು ತಿಂಗಳೂ ಇಲ್ಲ. ಮೇಜಿನ ಮೇಲಿಂದ ಏನೋ ಕಾಣೆಯಾಗಿದೆ ಎಂಬ ಗುಸುಗುಸು ಎದ್ದರೆ ಸಾಕು, ನಾಳೆಯಿಂದ ಬರಬೇಡ ಎಂದು ಫೋನಿನಲ್ಲಿ ಹೇಳಿ ಮುಗಿಸಬಹುದು. ಅವನಿಗೆ ಲಕೋಟೆ ಬರುವುದಿಲ್ಲ. ಕಾರಣವನ್ನು ಅವನಿಂದ ಯಾರೂ ಕೇಳುವುದಿಲ್ಲ, ಮೊದಲನೆಯ ಅರ್ಥದಲ್ಲಿಯೂ.