ಗಣಕಯಂತ್ರಕ್ಕೊಬ್ಬ ಆಪದ್ಬಾಂಧವ



ಯಲಹಂಕ, ಹೆಬ್ಬಾಳ, ಯಶವಂತಪುರ, ಆರ್.ಟಿ. ನಗರದ ಶಾಲಾ ಕಾಲೇಜುಗಳಲ್ಲಿ ಓದುವ ನಿಮ್ಮಲ್ಲಿ ಅನೇಕರ ಮನೆಯಲ್ಲಿ ಒಂದು ಲ್ಯಾಪ್‌ಟಾಪ್ ಇದ್ದೀತು. ವರ್ಷವಿಡೀ ದುಡಿದು ಬರೆದ ಪ್ರಾಜೆಕ್ಟ್ ವರದಿ ಅದರಲ್ಲಿದೆ. ಅಕ್ಕನ ಮದುವೆಯ ಚಿತ್ರಗಳೂ ಅದರಲ್ಲೇ ಇವೆ. ವರದಿ ಒಪ್ಪಿಸಬೇಕಾದ ಹಿಂದಿನ ರಾತ್ರಿ ಯಂತ್ರ ಏಳುವುದೇ ಇಲ್ಲ. ಕಪ್ಪು ಪರದೆಯ ಮೇಲೆ ಒಂದು ಸಾಲು ಇಂಗ್ಲಿಷ್ ಬಂದು ನಿಲ್ಲುತ್ತದೆ. ರಿಪೇರಿಗೆ ಒಯ್ದರೆ "ಫಾರ್ಮ್ಯಾಟ್ ಮಾಡಬೇಕು" ಎಂಬ ಉತ್ತರ ಬರಬಹುದು. ಫಾರ್ಮ್ಯಾಟ್ ಮಾಡಿದರೆ ಯಂತ್ರ ಉಳಿಯುತ್ತದೆ, ವರದಿಯೂ ಚಿತ್ರಗಳೂ ಹೋಗುತ್ತವೆ. ಅದಕ್ಕೆ "ಆಗಲಿ" ಎನ್ನುವ ಮೊದಲು ನೀವೇ ಏನು ಮಾಡಬಹುದು? ಇದೇ ಇಂದಿನ ಮಾತಿನ ವಿಷಯ.

ಮೊದಲು, ಗಣಕಯಂತ್ರ ಹೇಗೆ ಏಳುತ್ತದೆ ಎಂಬುದನ್ನು ತಿಳಿಯೋಣ. ಗುಂಡಿ ಒತ್ತಿದೊಡನೆ ಮದರ್‌ಬೋರ್ಡಿನ ಚಿಪ್ ಒಂದರಲ್ಲಿರುವ ಪುಟ್ಟ ತಂತ್ರಾಂಶ ಎಚ್ಚರಗೊಳ್ಳುತ್ತದೆ. ಹಳೆಯ ಯಂತ್ರಗಳಲ್ಲಿ ಇದರ ಹೆಸರು ಬಯೋಸ್, ಹೊಸ ಯಂತ್ರಗಳಲ್ಲಿ ಯುಇಎಫ್‌ಐ. ಅದು ಯಂತ್ರದ ಅಂಗಾಂಗಗಳನ್ನು ತಪಾಸಣೆ ಮಾಡಿ, ವಿಂಡೋಸ್‌ನಂಥ ಕಾರ್ಯಾಚರಣ ವ್ಯವಸ್ಥೆ ಎಲ್ಲಿದೆ ಎಂದು ಹುಡುಕಿ ಅದನ್ನು ಆರಂಭಿಸುತ್ತದೆ. ಈ ಕ್ರಿಯೆಗೆ 'ಬೂಟ್' ಆಗುವುದು ಎನ್ನುತ್ತಾರೆ. ವ್ಯವಸ್ಥೆಗೆ ಸೇರಿದ ಕೆಲವೇ ಕಡತಗಳು ಕೆಟ್ಟರೂ ಸಾಕು, ಬೂಟ್ ನಿಂತುಹೋಗಬಹುದು. ಆದರೆ ನಿಮ್ಮ ಕಡತಗಳು ಡಿಸ್ಕಿನಲ್ಲಿ ಇದ್ದಲ್ಲಿಯೇ ಇರುತ್ತವೆ. ಮುಂಬಾಗಿಲ ಬೀಗ ಕೆಟ್ಟಿತೆಂದು ಯಾರಾದರೂ ಮನೆ ಕೆಡವುತ್ತಾರೆಯೇ? ಹಿತ್ತಿಲ ಬಾಗಿಲಿನಿಂದ ಒಳಹೊಕ್ಕು ಪೆಟ್ಟಿಗೆಯನ್ನು ಹೊರತರುತ್ತಾರೆ. ಬೂಟ್ ಆಗಬಲ್ಲ ಪೆನ್‌ಡ್ರೈವ್ ಅಂಥದೊಂದು ಹಿತ್ತಿಲ ಬಾಗಿಲು.

ಈ ಉಪಾಯ ಹೊಸತೇನಲ್ಲ. ಹಿಂದೆ 1.44 ಮೆಗಾಬೈಟಿನ ಫ್ಲಾಪಿಯಿಂದ ಯಂತ್ರವನ್ನು ಎಬ್ಬಿಸುತ್ತಿದ್ದರು. 2000ದಲ್ಲಿ ಜರ್ಮನಿಯ ಕ್ಲೌಸ್ ಕ್ನೊಪರ್ ಅವರು ಒಂದೇ ಸಿ.ಡಿ.ಯಿಂದ ಓಡುವ ಪೂರ್ಣ ಲಿನಕ್ಸ್ ವ್ಯವಸ್ಥೆಯನ್ನು ಹೊರತಂದರು. ಇಂದು ಆ ಸ್ಥಾನ ಯುಎಸ್‌ಬಿ ಪೆನ್‌ಡ್ರೈವ್‌ನದು. 1996ರಲ್ಲಿ ಮೊದಲ ರೂಪ ಪಡೆದ ಯುಎಸ್‌ಬಿಯ ಹಿಂದೆ ದುಡಿದವರಲ್ಲಿ ಪ್ರಮುಖರು ವಡೋದರಾದಲ್ಲಿ ಹುಟ್ಟಿ ಬೆಳೆದ ಅಜಯ್ ಭಟ್ ಎಂಬುದು ನಾವು ನೆನೆಯಬೇಕಾದ ಸಂಗತಿ.

ಈಗ ತಯಾರಿಕೆಯ ಕ್ರಮ. 16 ಗಿಗಾಬೈಟಿನ ಒಂದು ಪೆನ್‌ಡ್ರೈವ್ ಸಾಕು. ಅದರಲ್ಲಿರುವುದೆಲ್ಲ ಅಳಿಸಿಹೋಗುವುದರಿಂದ ಬೇಕಾದ್ದನ್ನು ಮೊದಲೇ ತೆಗೆದಿಡಿ. ಸರಿಯಾಗಿರುವ ಯಂತ್ರವೊಂದರಲ್ಲಿ 'ವೆಂಟಾಯ್' ಎಂಬ ಉಚಿತ ತಂತ್ರಾಂಶವನ್ನು ಅದರ ಸ್ವಂತ ತಾಣದಿಂದಲೇ ಇಳಿಸಿಕೊಂಡು, ಅದನ್ನು ಪೆನ್‌ಡ್ರೈವ್‌ನ ಮೇಲೆ ಸ್ಥಾಪಿಸಿ. ಯಾವ ಡ್ರೈವ್ ಎಂದು ಕೇಳಿದಾಗ ಹೆಸರನ್ನೂ ಗಾತ್ರವನ್ನೂ ಎರಡು ಸಲ ನೋಡಿ. ಇಲ್ಲಿ ಕೈತಪ್ಪಿದರೆ ಬೇರೊಂದು ಡಿಸ್ಕ್ ಬರಿದಾದೀತು. ಅನಂತರ 'ಸಿಸ್ಟಂ ರೆಸ್ಕ್ಯೂ' ಎಂಬ ಉಚಿತ ಲಿನಕ್ಸ್ ವ್ಯವಸ್ಥೆಯ ಐಎಸ್‌ಒ ಕಡತವನ್ನು ಇಳಿಸಿಕೊಂಡು, ಬಿಡಿಸದೆ ಹಾಗೆಯೇ ಪೆನ್‌ಡ್ರೈವ್‌ಗೆ ನಕಲು ಮಾಡಿ. ಆ ತಾಣದಲ್ಲಿ ಕಡತದ ಜೊತೆಗೆ 64 ಅಕ್ಷರಗಳ ಒಂದು ಪರಿಶೀಲನಾ ಸಂಕೇತವೂ ಇರುತ್ತದೆ. ನಿಮ್ಮ ಕಡತದಿಂದ ಲೆಕ್ಕ ಹಾಕಿ ಪಡೆದ ಸಂಕೇತ ಅದಕ್ಕೆ ತಾಳೆಯಾದರೆ, ಕಡತ ದಾರಿಯಲ್ಲಿ ಕೆಟ್ಟಿಲ್ಲವೆಂದು ನಂಬಬಹುದು.

ಇನ್ನು ಪರೀಕ್ಷೆ. ಇದನ್ನು ಯಂತ್ರ ಚೆನ್ನಾಗಿರುವಾಗಲೇ ಮಾಡಬೇಕು. ಪೆನ್‌ಡ್ರೈವ್ ಸಿಕ್ಕಿಸಿ, ಯಂತ್ರ ಏಳುವಾಗಲೇ ಎಫ್12, ಎಫ್9 ಅಥವಾ ಎಸ್ಕೇಪ್ ಕೀಲಿಯನ್ನು ಒತ್ತಿ; ಇದು ಒಂದೊಂದು ಕಂಪೆನಿಯ ಯಂತ್ರದಲ್ಲಿ ಒಂದೊಂದು ಬಗೆ. ಬರುವ ಪಟ್ಟಿಯಲ್ಲಿ ಯುಎಸ್‌ಬಿಯನ್ನು ಆರಿಸಿ. 'ಸೆಕ್ಯೂರ್ ಬೂಟ್' ಎಂಬ ಕಾವಲು ತಡೆದರೆ ಅದನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕಾದೀತು. ಆದರೆ ಹಾಗೆ ಮಾಡುವ ಮೊದಲು ಇನ್ನೊಂದು ಕೆಲಸವಿದೆ. ಈಚಿನ ಅನೇಕ ಯಂತ್ರಗಳಲ್ಲಿ ಡಿಸ್ಕ್ ತಾನಾಗಿಯೇ 'ಬಿಟ್‌ಲಾಕರ್' ಗೂಢಲಿಪಿಯಲ್ಲಿರುತ್ತದೆ. ಅದರ 48 ಅಂಕಿಗಳ ಕೀಲಿ ಇಲ್ಲದಿದ್ದರೆ ಯಾವ ಪೆನ್‌ಡ್ರೈವ್‌ನಿಂದಲೂ ಕಡತ ಕಾಣದು. ಆ ಕೀಲಿಯನ್ನು ಇಂದೇ ಹುಡುಕಿ, ಕಾಗದದ ಮೇಲೆ ಬರೆದಿಡಿ.

ಯಂತ್ರ ನಿಜವಾಗಿಯೂ ಕೈಕೊಟ್ಟ ದಿನ ಒಂದು ಮಾತನ್ನು ಮರೆಯಬೇಡಿ: ಮೊದಲು ನಕಲು, ಆಮೇಲೆ ರಿಪೇರಿ. ಪೆನ್‌ಡ್ರೈವ್‌ನಿಂದ ಯಂತ್ರವನ್ನು ಎಬ್ಬಿಸಿ, ನಿಮ್ಮ ಕಡತಗಳನ್ನು ಬೇರೊಂದು ಡಿಸ್ಕಿಗೆ ನಕಲು ಮಾಡಿ. ಕೆಟ್ಟ ಡಿಸ್ಕಿನ ಮೇಲೆ ಹೊಸದಾಗಿ ಏನನ್ನೂ ಬರೆಯಬೇಡಿ. ಇಲ್ಲಿ ಕನ್ನಡಿಗರಿಗೊಂದು ವಿಶೇಷ ಸೂಚನೆ. ನುಡಿ ಅಥವಾ ಬರಹದ ಹಳೆಯ ಅಕ್ಷರಶೈಲಿಯಲ್ಲಿ ಬರೆದ ಕಡತವನ್ನು ಈ ವ್ಯವಸ್ಥೆಯಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಯೂನಿಕೋಡ್ ಕನ್ನಡವಾದರೆ ಬರೀ ಚೌಕಗಳು ಕಾಣಬಹುದು. ಕಡತ ಕೆಟ್ಟಿದೆಯೆಂದು ಅಳಿಸಬೇಡಿ. ಇಲ್ಲಿ ಇಲ್ಲದಿರುವುದು ಅಕ್ಷರಶೈಲಿ ಮಾತ್ರ. ನಿಮ್ಮ ಬರವಣಿಗೆ ಕ್ಷೇಮವಾಗಿದೆ.

ಅಲ್ಲಲ್ಲಿ ಹಾಳಾದ ಡಿಸ್ಕಿಗಾಗಿ 'ಡಿಡಿರೆಸ್ಕ್ಯೂ' ಎಂಬ ಸಾಧನವಿದೆ. ಅದು ಚೆನ್ನಾಗಿರುವ ಭಾಗಗಳನ್ನು ಮೊದಲು ನಕಲು ಮಾಡಿ, ಕೆಟ್ಟ ಭಾಗಗಳತ್ತ ಆಮೇಲೆ ತಿರುಗುತ್ತದೆ. ಅಳಿಸಿಹೋದ ಚಿತ್ರಗಳನ್ನು ಹುಡುಕಲು 'ಫೋಟೋರೆಕ್' ಇದೆ. ಆದರೆ ಎಸ್‌ಎಸ್‌ಡಿ ಇರುವ ಯಂತ್ರದಲ್ಲಿ ಅಳಿಸಿದ್ದು ಮರಳಿ ಸಿಗುವುದು ಅಪರೂಪ.

ಈ ಬಾಂಧವನಿಗೂ ಮಿತಿಗಳಿವೆ. ಯಲಹಂಕದ ಕೇಂದ್ರೀಯ ವಿಹಾರಕ್ಕೆ 2021ರ ನವೆಂಬರಿನಲ್ಲಿಯೂ 2024ರ ಅಕ್ಟೋಬರಿನಲ್ಲಿಯೂ ನೀರು ನುಗ್ಗಿದ್ದು ನಿಮಗೆ ನೆನಪಿರಬಹುದು. ಹಾಗೆ ನೀರು ಹೊಕ್ಕ ಯಂತ್ರದ ಗುಂಡಿಯನ್ನು ಒತ್ತಲೇಬಾರದು. ಡಿಸ್ಕಿನಿಂದ ಟಕಟಕ ಸದ್ದು ಬರುತ್ತಿದ್ದರೂ ಕೂಡಲೇ ಯಂತ್ರವನ್ನು ಆರಿಸಿ, ಪರಿಣತರ ಬಳಿಗೆ ಒಯ್ಯಬೇಕು. ಆದ್ದರಿಂದ ಮುಖ್ಯ ಕಡತಗಳ ಇನ್ನೊಂದು ಪ್ರತಿ ಮನೆಯ ಹೊರಗೂ ಇರಲಿ.

ಇನ್ನೊಂದು ಮಾತು. ಗೂಢಲಿಪಿಯಿಲ್ಲದ ಯಾರ ಯಂತ್ರವನ್ನಾದರೂ ಈ ಪೆನ್‌ಡ್ರೈವ್ ಪಾಸ್‌ವರ್ಡ್ ಕೇಳದೆ ತೆರೆದುಬಿಡುತ್ತದೆ. ಕಾಲೇಜಿನ ಪ್ರಯೋಗಾಲಯದಲ್ಲಾಗಲಿ, ಗೆಳೆಯರ ಮನೆಯಲ್ಲಾಗಲಿ, ಅನುಮತಿಯಿಲ್ಲದೆ ಇದನ್ನು ಬಳಸುವುದು ಪರರ ಮನೆ ಹೊಕ್ಕಂತೆಯೇ ಸರಿ.

ಈ ಭಾನುವಾರ ಒಂದೆರಡು ಗಂಟೆ ಬಿಡುವು ಮಾಡಿಕೊಳ್ಳಿ. ಪೆನ್‌ಡ್ರೈವ್ ಸಿದ್ಧಪಡಿಸಿ, ಒಮ್ಮೆ ಬೂಟ್ ಮಾಡಿ ನೋಡಿ, ಅದರ ಮೇಲೆ ಚೀಟಿ ಅಂಟಿಸಿ ಮೇಜಿನ ಖಾನೆಯಲ್ಲಿಡಿ. ನೆರೆಮನೆಯವರು ಗಾಬರಿಯಿಂದ ಲ್ಯಾಪ್‌ಟಾಪ್ ಹಿಡಿದು ಬಂದರೆ "ತಡೆಯಿರಿ, ಮೊದಲು ಕಡತಗಳನ್ನು ಹೊರತೆಗೆಯೋಣ" ಎಂದು ಹೇಳುವಷ್ಟು ಧೈರ್ಯ ನಿಮಗಿರಲಿ.